ಎರಡು ರೆಂಜೆ ಮರಗಳ ನಡುವಿನ ಸಬ್ಬಲ್ಲು

ನಾನು ಒಂದು ಸಬ್ಬಲ್ಲು. ಘಟ್ಟದ ಮೇಲಿನವರು ನನ್ನಂಥವರನ್ನು ಹಾರೆ ಎನ್ನುತ್ತಾರಂತೆ. ಆಳಿನ ಎದೆಯೆತ್ತರದ ಕಬ್ಬಿಣ. ಒಂದು ತುದಿ ಚೂಪು, ಇನ್ನೊಂದು ಉಳಿಯ ಹಾಗೆ ಚಪ್ಪಟೆ. ಹುಟ್ಟಿದ್ದು ಸೂರಯ್ಯ ಆಚಾರಿಯ ಕುಲುಮೆಯಲ್ಲಿ. ಅದಕ್ಕೂ ಮುಂಚೆ ಯಾವುದೋ ಲಾರಿಯ ಅಚ್ಚಿನ ತುಂಡಾಗಿದ್ದೆನಂತೆ, ಅದು ನೆನಪಿಲ್ಲ. ನೆನಪಿರುವುದು ಬೆಂಕಿ, ಸುತ್ತಿಗೆ, ಕಡೆಗೆ ಚುಯ್ಯೆನ್ನುವ ನೀರು. ಆಚಾರಿ ನನ್ನ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, "ಇದ್ ಎಲ್ಲಿಗ್ ಬೇಕಾರೂ ಇಳಿತ್ತ್" ಅಂದ.

ಎಲ್ಲಿಗೆ ಬೇಕಾದರೂ ಎಂದರೆ ಎಲ್ಲಿಗೆ? ಅಂದಿನಿಂದಲೇ ನನಗೆ ದಿಗಿಲು. ನೆಲದ ಕೆಳಗೆ ಏನಿದೆ ಎಂಬುದು ನನಗೆ ತಾಗಿದ ಮೇಲೆಯೇ ತಿಳಿಯುವುದು. ಅಷ್ಟರಲ್ಲಿ ಏಟು ಬಿದ್ದಾಗಿರುತ್ತದೆ.

ನನ್ನನ್ನು ಮೊದಲು ಕೊಂಡವನು ಬಾವಿಗೆ ರಿಂಗು ಇಳಿಸುವ ಬಾಬಣ್ಣ. ಅವನ ಕೆಲಸವೆಲ್ಲ ಹಳೆತೋಪ್ಲು ಎಂಬ ಊರಿನಲ್ಲಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಪಟ್ಟಿಯ ಹಾಗೆ ಮರಳು. ಕೆಂಪುಕಲ್ಲಿನ ನೆಲದಲ್ಲಿ ನಾನು ಠಣ್ಣೆಂದರೆ ಅಲ್ಲಿ ಗುರುತು ಉಳಿಯುತ್ತದೆ. ಈ ಮರಳಿನಲ್ಲಿ ಹಾಗಲ್ಲ. ಎತ್ತಿದ ಕೂಡಲೇ ಕುಳಿ ಕುಸಿದು ಮುಚ್ಚಿಕೊಳ್ಳುತ್ತಿತ್ತು. ಬಾಬಣ್ಣನಿಗೆ ಸೊಂಟ ಹಿಡಿದ ಮೇಲೆ ಅವನು ಆ ಕೆಲಸ ಬಿಟ್ಟ. ಹೊರಡುವಾಗ ನನ್ನನ್ನು ಅದೇ ಊರಿನ ಬಚ್ಚಿಯ ಮನೆಗೆ ಕೊಟ್ಟು ಹೋದ.

ಬಚ್ಚಿ ಮೀನು ಮಾರುವ ಹೆಂಗಸು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಗ ದಯಾನಂದ ಒಬ್ಬನೇ. ಊರಿನವರಿಗೆಲ್ಲ ಅವನು ದಯ. ನೀರು ಇಳಿದಾಗ ಅವನು ನನ್ನನ್ನು ಹೆಗಲ ಮೇಲಿಟ್ಟುಕೊಂಡು ಬಂಡೆಗಳ ಕಡೆ ಹೋಗುತ್ತಿದ್ದ. ಬಂಡೆಗೆ ಕಚ್ಚಿಕೊಂಡ, ಸಾರಿಗಾಗುವ ಚಿಪ್ಪುಗಳನ್ನು ನನ್ನ ಚಪ್ಪಟೆ ತುದಿಯಿಂದ ಎಬ್ಬಿಸುತ್ತಿದ್ದ. ಕೆಲಸ ಮಾಡುವಾಗ ಸುಮ್ಮನಿರುವ ಜಾತಿಯಲ್ಲ ಅವನು. ಏಡಿಯನ್ನು ಬೈಯುತ್ತಿದ್ದ, ಅಲೆಯನ್ನು ಬೈಯುತ್ತಿದ್ದ, ಜಾರಿದರೆ ತನ್ನನ್ನೇ ಬೈದುಕೊಂಡು ನಗುತ್ತಿದ್ದ. ನನ್ನ ಬದುಕಿನಲ್ಲಿ ದಿಗಿಲಿಲ್ಲದ ದಿನಗಳೆಂದರೆ ಅವಷ್ಟೇ.

ಆಮೇಲೆ ಒಂದು ಬೆಳಿಗ್ಗೆ ದೋಣಿ ಹೋಯಿತು. ಏಳು ಜನ ಇದ್ದರು. ಚುಕ್ಕಾಣಿ ಹಿಡಿದ ತಂಡೇಲ ಶೇಷ, ಅವನ ಜೊತೆ ದಯ, ಉಳಿದವರು. ಗಾಳಿ ಏಳುತ್ತದೆ ಎಂದು ಹಿಂದಿನ ಸಂಜೆಯೇ ಸುದ್ದಿ ಬಂದಿತ್ತು. ಬೇರೆ ದೋಣಿಗಳು ದಡದಲ್ಲೇ ಉಳಿದವು, ಶೇಷನದು ಹೋಯಿತು. ಐದು ಜನರ ಹೆಣ ಒಂದೊಂದಾಗಿ ದಡಕ್ಕೆ ಬಂತು. ದಯ ಬರಲಿಲ್ಲ. ಶೇಷನೂ ಬರಲಿಲ್ಲ.

ಮರುವರ್ಷ ಊರಿನವರು ಸೇರಿ, ಹೋದವರ ಹೆಸರಿನಲ್ಲಿ ಕಡಲ ದಾರಿಯುದ್ದಕ್ಕೆ ಏಳು ರೆಂಜೆ, ಅಂದರೆ ಬಕುಳದ, ಸಸಿ ನೆಟ್ಟರು. ಹೆಣ ಸಿಕ್ಕ ಕ್ರಮದಲ್ಲೇ ಮರಗಳ ಸಾಲು. ಸಿಗದ ಇಬ್ಬರ ಸಸಿಗಳು ಕಡೆಗೆ ಬಂದವು, ಅಕ್ಕಪಕ್ಕ. ಬಚ್ಚಿ ನನ್ನನ್ನು ಊರಿಕೊಂಡು ನಿಂತಿದ್ದಳು. ಅವಳ ಅಂಗೈ ಬೆವರಿ ನಾನು ಜಾರುತ್ತಿದ್ದೆ.

"ಆ ಶೇಷನ್ ಬಗಲಲ್ ನನ್ನ ಮಗನ್ ಮರ ಬ್ಯಾಡ" ಅಂದಳು.

"ಜಾಗ ಬೇರೆ ಇಲ್ಲೆ ಬಚ್ಚಕ್ಕ" ಎಂದ ಊರಿನ ಹಿರಿಯ. "ಎಲ್ಲರೂ ಒಂದೇ ದೋಣಿಯವ್ರ್ ಅಲ್ದಾ?"

ಶೇಷನ ಹೆಂಡತಿ ಗುಲಾಬಿ ದೂರದಲ್ಲಿ, ಬಲೆ ಒಣಗಿಸುವ ಗಳುವಿನ ಮರೆಯಲ್ಲಿ ನಿಂತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ. ಶೇಷನ ಸಸಿಯನ್ನು ಆ ಹಿರಿಯನೇ ನೆಟ್ಟ.

ಮೊದಲ ಐದು ಸಸಿಗಳು ಚೆನ್ನಾಗಿ ಎದ್ದವು. ಹಿಂದೆ ರಸ್ತೆ ಮಾಡುವಾಗ ಅಲ್ಲಿಗೆ ಕೆಂಪು ಮಣ್ಣು ತುಂಬಿಸಿದ್ದರು. ಕಡೆಯ ಎರಡು ನಿಂತಿದ್ದ ಜಾಗದಲ್ಲಿ ಬರಿಯ ಮರಳು. ಸಸಿಯ ಜೊತೆ ಹಾಕಿದ ಬುಟ್ಟಿ ಮಣ್ಣು ಇರುವ ತನಕ ಅವೂ ಬೆಳೆದವು. ಆಮೇಲೆ ಎಲೆ ಬೆಳ್ಳಗಾಯಿತು, ಆಮೇಲೆ ಹಳದಿ. ಹೊಸ ಚಿಗುರು ಹುಟ್ಟುವಾಗಲೇ ಬಡಕಲು.

ಬಚ್ಚಿಗೆ ನಿದ್ದೆ ಹಾರಿಹೋಯಿತು. ಮೀನಿನ ಬುಟ್ಟಿ ಇಳಿಸಿದ ಕೂಡಲೇ ಮರದ ಹತ್ತಿರ ಓಡುವಳು. ಎಲೆಗಳನ್ನು ತಿರುಗಿಸಿ ತಿರುಗಿಸಿ ನೋಡುವಳು, ಕಾಯಿಲೆಯ ಮಗುವಿನ ನಾಲಿಗೆ ನೋಡುವ ಹಾಗೆ. ಯಾರೋ ಹೇಳಿದರೆಂದು ಯೂರಿಯಾ ತಂದು ಬುಡಕ್ಕೇ ಸುರಿದಳು. ಒಂದು ಹಿಡಿ ಸಾಲದೆಂದು ಇನ್ನೊಂದು ಹಿಡಿ, ಮತ್ತೂ ಒಂದು. ಕೆಲವೇ ದಿನಗಳಲ್ಲಿ ಎಲೆಯ ಅಂಚೆಲ್ಲ ಕಂದಾಗಿ ಸುಟ್ಟಂತಾಯಿತು. ಗಾಳಿ ಬೀಸಿದರೆ ಎಲೆ ಉದುರುತ್ತಿತ್ತು. ಬಚ್ಚಿ ಉದುರಿದ ಎಲೆಗಳನ್ನು ಸೆರಗಿನಲ್ಲಿ ತುಂಬಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಕೂತಳು. ನಾನು ಪಕ್ಕದಲ್ಲೇ ಮರಳಿಗೆ ಊರಿ ನಿಂತಿದ್ದೆ. ಇನ್ನು ಈ ಮರ ಸತ್ತರೆ ಅದನ್ನು ಕೀಳಿಸಲು ನನ್ನನ್ನೇ ಹಿಡಿಯುತ್ತಾಳೆ ಎಂದು ನಾನು ಹೆದರಿದ್ದೆ.

ತೆಂಗಿನ ಸಸಿ ಹಂಚಲು ತೋಟಗಾರಿಕೆಯ ಮೇಡಂ ಊರಿಗೆ ಬಂದಾಗ ಬಚ್ಚಿ ಅವರ ಕೈಹಿಡಿದು ಎಳೆದುಕೊಂಡೇ ಬಂದಳು. ಮೇಡಂ ಮರಳನ್ನು ಕೈಯಲ್ಲಿ ಎತ್ತಿ ಬೆರಳ ಸಂದಿಯಿಂದ ಸುರಿಸಿದರು.

"ಅಮ್ಮಾ, ಈ ಮರಳು ಜರಡಿ ಇದ್ದ ಹಾಗೆ. ಹಾಕಿದ್ದೆಲ್ಲ ನೀರಿನ ಜೊತೆ ಕೆಳಗೆ ಹೋಗ್ಬಿಡುತ್ತೆ. ಹಾಗಂತ ಒಂದೇ ಸಲ ಸುರಿದ್ರೆ ಬೇರು ಸುಡುತ್ತೆ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕೊಡಬೇಕು. ಬುಡಕ್ಕಲ್ಲ, ಕೊಂಬೆಯ ತುದಿ ಎಲ್ಲಿವರೆಗೆ ಬಂದಿದೆಯೋ ಅದರ ನೇರಕ್ಕೆ ಸುತ್ತಲೂ ಕುಳಿ ಮಾಡಿ. ಕೊಳೆತ ಗೊಬ್ಬರ ತುಂಬಿ, ಮೇಲೆ ತರಗೆಲೆ ಮುಚ್ಚಿ. ಜೋರು ಮಳೆಯಲ್ಲಿ ಮಾತ್ರ ಬೇಡ."

"ಎಷ್ಟ್ ದಿನ ಕೊಡ್ಕ್?"

"ಮರ ಇರೋವಷ್ಟು ದಿನ, ಅಮ್ಮಾ."

ಬಚ್ಚಿ ಮತ್ತೆ ಮತ್ತೆ ನೀರು ಹಾಕಿ ಮೊದಲು ಆ ಯೂರಿಯಾದ ಉರಿಯನ್ನು ತೊಳೆದಳು. ಮನೆಯ ಹಿಂದೆ ಗುಂಡಿ ತೋಡಿ ಮೀನಿನ ತಲೆ, ಕರುಳು, ತರಗೆಲೆ, ಹಟ್ಟಿಯ ಸಗಣಿ ಎಲ್ಲ ಕೊಳೆಹಾಕಿದಳು. ಅದು ವಾಸನೆ ಹೋಗಿ ಕಪ್ಪಗೆ ಪುಡಿಯಾದ ಮೇಲೆ ನನ್ನ ಕೆಲಸ ಶುರುವಾಯಿತು. ಅವಳು ನನ್ನನ್ನು ಎತ್ತಿ ಮರಳಿಗೆ ಇಳಿಸಿ ಅಲ್ಲಾಡಿಸುವಳು. ಕುಳಿ ಕುಸಿಯುವ ಮೊದಲೇ ಗೊಬ್ಬರ ಸುರಿಯಬೇಕು. ಒದ್ದೆ ಮರಳಾದರೆ ಸ್ವಲ್ಪ ನಿಲ್ಲುತ್ತದೆ, ಹಾಗಾಗಿ ಮೊದಲು ನೀರು ಚಿಮುಕಿಸುವಳು. ಪ್ರತಿ ಸಲ ಇಳಿಯುವಾಗಲೂ ನಾನು ಮೈಯೆಲ್ಲ ಬಿಗಿ ಹಿಡಿಯುತ್ತಿದ್ದೆ. ಬೇರು ತಾಗಿದರೆ? ಬಚ್ಚಿಗೂ ಅದೇ ಭಯ. ಮೆತ್ತಗೆ ಏನಾದರೂ ತಾಗಿತೆಂದರೆ ಕೂಡಲೇ ನನ್ನನ್ನು ಮೇಲೆತ್ತುವಳು.

ಮಳೆಗಾಲ ಬಂದರೆ ಇನ್ನೊಂದು ಕಳವಳ. ಸುರಿಯುವ ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತಿತ್ತು. ಬಚ್ಚಿ ಬಾಗಿಲಲ್ಲಿ ಕೂತು ಮರದ ಕಡೆಗೇ ನೋಡುವಳು. ಮಳೆ ನಿಂತ ಮೇಲೆ ಮೊದಲಿನಿಂದ ಶುರು. ಹೀಗೆ ವರ್ಷಗಳು ಹೋದವು. ಮರ ಸಾಯಲಿಲ್ಲ. ಎಲೆ ಹಸಿರಾಯಿತು, ಕಾಂಡ ಬಚ್ಚಿಯ ತೋಳಿನಷ್ಟು ದಪ್ಪವಾಯಿತು.

ಆದರೆ ಪಕ್ಕದ ಮರವೂ ಹಸಿರಾಯಿತು.

ಅದಕ್ಕೆ ಯಾರೂ ಏನೂ ಹಾಕಿರಲಿಲ್ಲ. ಗುಲಾಬಿ ಆ ದಾರಿಗೇ ಬರುತ್ತಿರಲಿಲ್ಲ. ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅವಳು ಹೊಳೆಯಂಚಿನಲ್ಲಿ ಚಿಪ್ಪು ಹೆಕ್ಕಿ ಬೇರೆ ಊರಿಗೆ ಒಯ್ದು ಮಾರುತ್ತಿದ್ದಳು. ಶೇಷನ ಮರ ಮಾತ್ರ ತನ್ನಷ್ಟಕ್ಕೆ ಚಿಗುರುತ್ತಿತ್ತು. ಬಚ್ಚಿ ಅದನ್ನು ಓರೆಗಣ್ಣಿನಿಂದ ನೋಡುವಳು, ತುಟಿ ಕಚ್ಚುವಳು. ನನಗೆ ಹಿಡಿಸದ ನೋಟ ಅದು.

ಒಂದು ದಿನ ಉರಿಬಿಸಿಲಿನಲ್ಲಿ ಅವಳು ಕುಳಿ ತೋಡುವುದನ್ನು ಬಿಟ್ಟು ಮರಳನ್ನೇ ಅಗಲವಾಗಿ ಕೆದಕತೊಡಗಿದಳು. ನಾನು ಎಬ್ಬಿಸಿದಂತೆ ಅವಳು ಕೈಯಿಂದ ತೋಡಿ ಬದಿಗೆ ಹಾಕುವಳು. ಹಳೆಯ ಕುಳಿಯೊಂದರ ಕಪ್ಪು ಗೊಬ್ಬರ ಕಂಡಿತು. ಅದರ ತುಂಬ ಬಿಳಿಯ ಎಳೆಬೇರುಗಳು, ಕೂದಲು ಹೆಣೆದ ಹಾಗೆ. ಬಚ್ಚಿ ಆ ಬೇರನ್ನು ಹಿಡಿದು ಮರಳಿನಲ್ಲಿ ಹಿಂದೆ ಹಿಂದೆ ಹೋದಳು. ಅದು ದಯನ ಮರದ ಕಡೆ ತಿರುಗಲಿಲ್ಲ. ನೇರವಾಗಿ ಶೇಷನ ಮರಕ್ಕೆ ಹೋಗಿ ಸೇರಿತು.

"ಕಾಣಿ!" ಎಂದು ಕೂಗಿದಳು, ಸುತ್ತಲೂ ಯಾರಿಲ್ಲದಿದ್ದರೂ. "ನನ್ನ ಮಗನ್ ಬಾಯಿಗ್ ಇಟ್ಟದ್ದ್ ಇವ ತಿಂದ!"

ನನ್ನ ಚಪ್ಪಟೆ ತುದಿಯನ್ನು ಕೆಳಗೆ ಮಾಡಿ ಎರಡೂ ಕೈಯಿಂದ ಎತ್ತಿದಳು. ನಾನು ಕಬ್ಬಿಣ, ನನಗೆ ಬೇಡವೆನ್ನಲು ಬಾಯಿಲ್ಲ. ಏಟು ಬಿತ್ತು. ಬೆರಳ ಗಾತ್ರದ ಒಂದು ಬೇರು ಕತ್ತರಿಸಿಹೋಯಿತು. ನನ್ನ ತುದಿಗೆ ಅಂಟಿದ ಅದರ ರಸ ತಣ್ಣಗಿತ್ತು.

ಕೂಗು ಕೇಳಿ ಬಂದವಳು ಗುಲಾಬಿ. ಹೊಳೆಯಿಂದ ಬರುತ್ತಿದ್ದವಳು, ತಲೆಯ ಮೇಲೆ ಚಿಪ್ಪಿನ ಬುಟ್ಟಿ, ಮೊಣಕಾಲವರೆಗೆ ಕೆಸರು. ಕತ್ತರಿಸಿದ ಬೇರನ್ನು ನೋಡಿದಳು. ಬುಟ್ಟಿ ಇಳಿಸಿದಳು. ತಡೆಯಲು ಹೋಗಲಿಲ್ಲ.

ಬಚ್ಚಿ ನನ್ನನ್ನು ಮತ್ತೆ ಎತ್ತಿದವಳು ಹಾಗೆಯೇ ನಿಂತಳು. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದಳು.

"ಗಾಳಿ ಬತ್ತ್ ಅಂದ್ ಎಲ್ಲರೂ ಹೇಳಿದ್ರ್. ಅವ ಎಂತಕ್ ಹೋದ? ನನ್ನ ಮಗನ್ನ ಎಂತಕ್ ಕರ್ಕಂಡ್ ಹೋದ? ಹೇಳ್!"

"ನಂಗ್ ಗೊತ್ತಿಲ್ಲೆ ಅಕ್ಕ" ಅಂದಳು ಗುಲಾಬಿ. "ನಾನೂ ಅದನ್ನೇ ಕೇಳ್ತೆ. ದಿನಾ ಕೇಳ್ತೆ. ಹೇಳುಕ್ ಅವ್ರ್ ಇಲ್ಲೆ."

ಇನ್ನೇನಾದರೂ ಹೇಳುತ್ತಾಳೆಂದು ಬಚ್ಚಿ ಕಾದಳು. ಕಡಲು ಒಂದೇ ಸಮನೆ ಸದ್ದು ಮಾಡುತ್ತಿತ್ತು. ನಾನು ಇನ್ನೂ ಮೇಲೆಯೇ ಇದ್ದೆ, ಬಚ್ಚಿಯ ಎರಡೂ ಕೈಯಲ್ಲಿ.

ಕೆಳಗೆ, ಬಿಸಿಲಿಗೆ ಬಿದ್ದ ಎಳೆಬೇರುಗಳು ಆಗಲೇ ಬಾಡಿ ಮುದುಡತೊಡಗಿದ್ದವು. ಬಚ್ಚಿಯ ಕಣ್ಣು ಅಲ್ಲಿಗೆ ಹೋಯಿತು. ಸುಟ್ಟ ಎಲೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಕೂತವಳು ಅವಳು. ಗಿಡ ಒಣಗುವುದು ಹೇಗಿರುತ್ತದೆ ಎಂದು ಅವಳಿಗೆ ಬೇರೆಯವರು ಹೇಳಬೇಕಿರಲಿಲ್ಲ. ನನ್ನನ್ನು ಮರಳಿನ ಮೇಲೆ ಬಿಟ್ಟಳು.

"ಬಿಸ್ಲಿಗ್ ಬೇರ್ ಒಣ್ಗ್ ಹ್ವಾತ್" ಅಂದಳು, ಗುಲಾಬಿಯ ಮುಖ ನೋಡದೆ. "ನೀರ್ ತಕಂಡ್ ಬಾ. ಬೇಗ ಬಾ."

ಗುಲಾಬಿ ಚಿಪ್ಪುಗಳನ್ನು ನೆಲಕ್ಕೆ ಸುರಿದು, ಬಚ್ಚಿಯ ಬಿಂದಿಗೆ ಎತ್ತಿಕೊಂಡು ಓಡಿದಳು.

ಅವತ್ತಿನಿಂದ ಅವರಿಬ್ಬರು ಗೆಳತಿಯರಾದರು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಬಚ್ಚಿ ಗುಲಾಬಿಯ ಮನೆಗೆ ಹೋದದ್ದಿಲ್ಲ. ಆದರೆ ಗೊಬ್ಬರ ಹಾಕುವ ದಿನ ತರಗೆಲೆಯ ಬುಟ್ಟಿಯೊಂದು ಮೊದಲೇ ಬಂದು ಅಲ್ಲಿರುತ್ತಿತ್ತು. ಆಮೇಲಾಮೇಲೆ ಬುಟ್ಟಿಯ ಜೊತೆ ಗುಲಾಬಿಯೂ ಇರುತ್ತಿದ್ದಳು. "ಇಲ್ಲಿ ಹಾಕ್", "ಸಾಕ್", "ನೀರ್ ಕಡಿಮೆ ಆಯ್ತ್": ಅಷ್ಟೇ ಮಾತು. ಕುಳಿಗಳು ಈಗ ಎರಡೂ ಮರಗಳನ್ನು ಸುತ್ತಿ ಬರುತ್ತಿದ್ದವು. ಬೇರೆ ಹೆಂಗಸರು ದೂರದಿಂದ ನೋಡಿದರು. ಕೆಲವರು ಬಚ್ಚಿಯನ್ನು ಆಡಿಕೊಂಡರು. ಬಚ್ಚಿ ತಲೆ ಎತ್ತದೆ ನನ್ನನ್ನು ಮರಳಿಗೆ ಇಳಿಸುತ್ತಿದ್ದಳು.

ಕೆಲವು ವರ್ಷಗಳಲ್ಲಿ ಅವಳ ಮಣಿಕಟ್ಟು ಸೋತಿತು. ಒಮ್ಮೆ ನನ್ನನ್ನು ಎತ್ತಲು ಹೋಗಿ ಆಗದೆ, ಗುಲಾಬಿಯ ಕಡೆ ಚಾಚಿದಳು. ಹಾಗೆ ನಾನು ಗುಲಾಬಿಯ ಕೈಗೆ ಬಂದೆ. ಆಮೇಲೆ ಬಚ್ಚಿ ಹಾಸಿಗೆ ಹಿಡಿದಳು. ಆ ವರ್ಷವೇ ಮರಗಳು ಮೊದಲ ಸಲ ಹೂ ಬಿಟ್ಟವು. ಗುಲಾಬಿ ಗೊಬ್ಬರ ಹಾಕಿ ಮುಗಿಸಿ, ನನ್ನನ್ನು ಹೆಗಲಿಗಿಟ್ಟು, ಸೆರಗಿನಲ್ಲಿ ರೆಂಜೆ ಹೂ ಕಟ್ಟಿಕೊಂಡು ಬಚ್ಚಿಯ ಮನೆಯ ಮೆಟ್ಟಿಲು ಹತ್ತಿದಳು. ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಬಚ್ಚಿ ಹೂಗಳನ್ನು ಅಂಗೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದಳು.

"ಯಾವ ಮರದ್ದ್?"

"ಗೊತ್ತಿಲ್ಲೆ ಅಕ್ಕ. ನೆಲದಲ್ ಬಿದ್ದದ್ದ್ ಹೆಕ್ಕಿದ್ದ್."

ಬಚ್ಚಿ ಹೂಗಳನ್ನು ದಿಂಬಿನ ಬದಿಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು.

ಬಚ್ಚಿ ಈಗಿಲ್ಲ. ನಾನು ಗುಲಾಬಿಯ ಜಗಲಿಯ ಮೂಲೆಯಲ್ಲಿ ಒರಗಿದ್ದೇನೆ. ಉಪ್ಪುಗಾಳಿಗೆ ಮೈಯೆಲ್ಲ ತುಕ್ಕು, ಚೂಪು ತುದಿ ಸವೆದು ಮೊಂಡಾಗಿದೆ. ಗುಲಾಬಿಗೂ ವಯಸ್ಸಾಯಿತು, ಮಂಡಿ ಹಿಡಿದುಕೊಂಡು ಏಳುತ್ತಾಳೆ. ಕಡಲು ವರ್ಷ ವರ್ಷ ಸ್ವಲ್ಪ ಸ್ವಲ್ಪ ಒಳಗೆ ಬರುತ್ತಿದೆ. ಮಳೆಗಾಲದಲ್ಲಿ ಅಲೆಯ ನೊರೆ ಕಡೆಯ ಮರದ ಹತ್ತಿರದವರೆಗೂ ಬಂದು ಹೋಗುತ್ತದೆ. ಇವಳಿಗೆ ಆಗದೆ ಹೋದರೆ ಆ ಮರಗಳಿಗೆ ಯಾರು ಕೊಡುತ್ತಾರೆ? ಇಷ್ಟು ವರ್ಷ ಉಣಿಸಿದ್ದು ಇನ್ನೆಷ್ಟು ದಿನ ಅವುಗಳನ್ನು ಹಿಡಿದು ನಿಲ್ಲಿಸೀತು? ಮೂಲೆಯಲ್ಲಿ ನಿಂತು ನಾನು ಇದನ್ನೇ ಯೋಚಿಸುತ್ತೇನೆ.

ಈ ಸಲದ ಮಳೆ ಮೊನ್ನೆ ನಿಂತಿತು. ನಿನ್ನೆ ಬೆಳಿಗ್ಗೆ ಗುಲಾಬಿ ನನ್ನನ್ನು ಊರುಗೋಲಿನ ಹಾಗೆ ಊರಿಕೊಂಡು, ಅಲ್ಲಲ್ಲಿ ನಿಂತು ಉಸಿರೆಳೆದುಕೊಂಡು ಮರಗಳ ಹತ್ತಿರ ಹೋದಳು. ಗಂಡನ ಮರವನ್ನು ದಾಟಿ ಮುಂದೆ ನಡೆದಳು. ಮೊದಲ ಕುಳಿಗೆ ನನ್ನನ್ನು ಇಳಿಸಿದ್ದು ದಯನ ಮರದ ನೆರಳಿನಂಚಿನಲ್ಲಿ.