ಫೋಟೋದಲ್ಲಿದ್ದ ಕೇರಿ

“ಇನ್ನೊಂದು ಗಾಡಿ ಸುರೀರೇ! ಇಷ್ಟಕ್ಕೆಲ್ಲ ಸರ್ಕಾರದ ಕಣ್ಣಾಗೆ ನೀರು ಬರಾಕಿಲ್ಲ!”

ಪಟ್ಟಣ ಪಂಚಾಯಿತಿ ಮೆಂಬರು ಕೆಂಚೇಶ್ ದುರುಗಮ್ಮನ ಗುಡಿಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ. ಮೈಮೇಲೆ ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಕೆಳಗೆ ಕೇರಿಯ ಹೆಂಗಸರು ತಳ್ಳುಗಾಡಿಗಳಿಂದ ಕಸ ಸುರಿಯುತ್ತಿದ್ದರು. ಊರ ಕಸ ಬಳಿದು ಊರಾಚೆ ಹಾಕುವುದು ಅವರ ದಿನನಿತ್ಯದ ಕೆಲಸ. ಅದೇ ಕಸವನ್ನು ಹೊತ್ತು ತಂದು ತಮ್ಮ ಹೊಸ್ತಿಲ ಮುಂದೆ ತಾವೇ ಸುರಿದುಕೊಂಡದ್ದು ಮಾತ್ರ ಅವತ್ತೇ ಮೊದಲು.

ದುರುಗಕ್ಕ ತನ್ನ ಬಾಗಿಲ ಮುಂದೆ ಗಾಡಿ ನಿಲ್ಲಿಸಿಕೊಂಡು ಕೈ ಬಾರದೆ ನಿಂತಿದ್ದಳು.

“ಚಿಗವ್ವ, ಏನು ನೋಡ್ತಾ ನಿಂತೆ? ಸುರಿ.”

“ಹೊತ್ತಾರೆ ಸಾರಿಸೀನಿ ಕಣೋ ಕೆಂಚ. ರಂಗೋಲಿ ಇನ್ನೂ ಹಸಿ ಐತೆ. ಲಕ್ಷ್ಮಿ ಬರೋ ಬಾಗ್ಲು.”

“ಲಕ್ಷ್ಮಿ ಬರೋದು ಬ್ಯಾಂಕಿಗೆ, ಬಾಗ್ಲಿಗಲ್ಲ. ನಿನ್ನ ಮನೆ ಹಿಂಗೆ ಮದುವಣಗಿತ್ತಿ ಹಂಗೆ ಕುಂತಿದ್ರೆ ಯಾವ ಬೋಳಿಮಗ ರಿಪೇರಿ ದುಡ್ಡು ಕೊಡ್ತಾನೆ? ಹತ್ತು ಗಂಟೆಗೆ ಹೆಲ್ತ್ ಇನ್ಸ್‌ಪೆಕ್ಟರ್ ಫೋಟೋ ಹೊಡೆಯಾಕೆ ಬರ್ತಾನೆ. ಬೇಡೋನ ಬಟ್ಟೆ ಹರಿದಿರ್ಬೇಕವ್ವ.”

ಹೆಂಗಸರು ನಕ್ಕರು. ದುರುಗಕ್ಕನೂ ನಕ್ಕಳು. ಕೆಂಚೇಶ್ ಅವಳ ಅಕ್ಕನ ಮಗ. ಅಕ್ಕ ತೀರಿಕೊಂಡಾಗ ಒಂಬತ್ತು ವರ್ಷದವನಿದ್ದ. ಉಣ್ಣಿಸಿ ಬೆಳೆಸಿದವಳು ಇವಳೇ. ಮೀಸಲು ವಾರ್ಡಿನಿಂದ ಗೆದ್ದು ಬಂದ ದಿನ ಕೇರಿಯೇ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿತ್ತು.

ದೊಡ್ಡವರ ಮುಂದೆ ಕಷ್ಟ ಹೇಳುವಾಗ ಒಂದಕ್ಕೆ ಹತ್ತು ಸೇರಿಸಿ ಹೇಳಬೇಕೆಂಬುದು ಆ ಕೇರಿಗೆ ಹಿರೀಕರಿಂದ ಬಂದ ಬುದ್ಧಿ. ಗೌಡರ ಮನೆಗೆ ರಾಗಿ ಕೇಳಲು ಹೋಗುತ್ತಿದ್ದ ಅಜ್ಜಿಯಂದಿರು ಹಿಂದಿನ ದಿನ ಉಂಡಿದ್ದರೂ ಮೂರು ದಿನದ ಉಪವಾಸವೆನ್ನುತ್ತಿದ್ದರು. ಮೂರು ದಿನ ಎಂದರೆ ಒಂದು ಸೇರು ರಾಗಿ. ಒಂದು ದಿನ ಎಂದರೆ ಬರೀ ಬೈಗುಳ. ಹೀಗಾಗಿ ಹಿಂದಿನ ವಾರ ಕೆಂಚೇಶ್ ರಿಪೇರಿ ದುಡ್ಡಿಗೆ, ಹಕ್ಕುಪತ್ರಕ್ಕೆ ಎಂದು ಮನವಿ ಬರೆಸಿಕೊಂಡು ಬಂದಾಗ ಮನೆಮನೆಯವರೂ ತಮ್ಮ ಪಾಲಿನ ಕಷ್ಟವನ್ನು ಅದಕ್ಕೆ ಸೇರಿಸಿದ್ದರು. ಗೋಡೆ ಬಿರುಕು ಬಿಟ್ಟೈತೆ ಅಂತ ಒಬ್ಬರು. ಹಾವು ಬರ್ತಾವೆ ಅಂತ ಇನ್ನೊಬ್ಬರು. “ಚೇಳೂ ಬರ್ಕೋ, ಖರ್ಚೇನು?” ಎಂದು ಮತ್ತೊಬ್ಬರು. ಆ ಕಾಗದ ಹಿಡಿದು ಮೂವತ್ತನಾಲ್ಕು ಬಾಗಿಲು ಅಲೆದು ಹೆಬ್ಬೆಟ್ಟು ಒತ್ತಿಸಿದವಳು ದುರುಗಕ್ಕ.

ಪಕ್ಕದ ಮನೆಯ ದ್ಯಾಮಮ್ಮ ಒಬ್ಬಳೇ ಅನುಮಾನಿಸಿದ್ದಳು.

“ಓದಾಕೆ ಬರ್ದಿರೋ ಕಾಗ್ದಕ್ಕೆ ಒತ್ತಬ್ಯಾಡ ಅಂತ ನಮ್ಮಪ್ಪ ಹೇಳಿ ಸತ್ತಾನೆ ಕಣೆ.”

“ಕೆಂಚ ದುರುಗಮ್ಮನ ಭಂಡಾರ ಮುಟ್ಟಿ ಹೇಳ್ಯಾನೆ, ಹಕ್ಕುಪತ್ರ ಕೊಡುಸ್ತೀನಿ ಅಂತ. ನನ್ನ ನಂಬಕ್ಕಿಲ್ವಾ?”

“ಅವನ್ನ ನಂಬಾಕಿಲ್ಲ. ನಿನ್ನ ನಂಬ್ತೀನಿ. ತತ್ತಾ ಇಲ್ಲಿ,” ಎಂದು ದ್ಯಾಮಮ್ಮ ಹೆಬ್ಬೆಟ್ಟು ಚಾಚಿದ್ದಳು.

ಈಗ ಅವಳ ಗಂಡ ರಂಗಣ್ಣ ಮಾಡಿನ ಮೇಲೆ ಹತ್ತಿ ಗಟ್ಟಿಮುಟ್ಟಾಗಿದ್ದ ಒಂದು ತಗಡನ್ನು ಮೊಳೆ ಕಿತ್ತು ಕೆಳಗಿಳಿಸುತ್ತಿದ್ದ. ದುರುಗಕ್ಕ ಕಣ್ಣು ಮುಚ್ಚಿ, “ತಪ್ಪಾತು ತಾಯಿ,” ಎಂದು ರಂಗೋಲಿಯ ಮೇಲೆ ಗಾಡಿ ಬಗ್ಗಿಸಿದಳು. ಕೊಳೆತ ಟೊಮೇಟೊ, ಕೋಳಿಯಂಗಡಿಯ ಪುಕ್ಕ, ಮಕ್ಕಳ ಮಲದ ಪೊಟ್ಟಣ.

ಇನ್ಸ್‌ಪೆಕ್ಟರ್ ಬಂದ. ಕರವಸ್ತ್ರ ಮೂಗಿಗೆ ಹಿಡಿದು, ಒಂದು ಕೈಯಲ್ಲೇ ಫೋಟೋ ಹೊಡೆದ. “ಥೂ, ಹೆಂಗೆ ಬದುಕ್ತೀರಲೇ ನೀವು?” ಎಂದು ಉಗುಳಿ ಬೈಕು ಹತ್ತಿದ. ಕೆಂಚೇಶ್ ಅವನ ಹಿಂದೆ ಕೂತು ಹೋದ. ಸುರಿದ ಕಸವನ್ನು ಬಳಿದು, ತೊಳೆದು, ಮತ್ತೆ ಸಾರಿಸುವುದರಲ್ಲಿ ಕೇರಿಗೆ ಸಂಜೆಯಾಯಿತು.

*

“ಏ, ಇನ್ನೂ ಒಳಗೇ ಇದೀಯೇನೇ? ಮೀಟಿಂಗ್ ಶುರುವಾಗೈತೆ. ಪರಕೆ ತಗಂಡು ಹೊರಗೆ ನಡಿ. ಫ್ಯಾನ್ ಜೋರು ಮಾಡ್ರಲೇ, ಒಂಚೂರು ಗಾಳಿ ಆಡಲಿ.”

ಮರುಳಪ್ಪ ಹಾಗೆಂದಾಗ ದುರುಗಕ್ಕನಿಗೆ ಸಿಟ್ಟು ಬರಲಿಲ್ಲ. ಮರುಳಪ್ಪ ಅಡಿಕೆ ಮಂಡಿಯ ಧಣಿ, ಐದು ಸಲ ಗೆದ್ದ ಮೆಂಬರು. ಕೇರಿಯ ಬೆನ್ನಿಗೇ ಅವನ ಹೊಸ ಲೇಔಟು ಇತ್ತು. ಬಸವಾಪಟ್ಟಣ ರಸ್ತೆಯಿಂದ ಆ ಲೇಔಟಿಗೆ ಹೋಗಬೇಕಾದರೆ ಕೇರಿಯನ್ನು ಸುತ್ತಿಕೊಂಡೇ ಹೋಗಬೇಕು. ಹದಿನೆಂಟು ವರ್ಷದಿಂದ ಪಂಚಾಯಿತಿಯ ಆ ಸಭಾಂಗಣ ಗುಡಿಸುತ್ತಿದ್ದ ದುರುಗಕ್ಕನಿಗೆ ಅವನ ಬಾಯಿ ಹೊಸದಲ್ಲ. ಅಲ್ಲದೆ ಇವತ್ತು ಕೇರಿಯ ವಿಷಯ ಬರುವ ದಿನ. ಬಾಗಿಲಾಚೆ ಗೋಡೆಗೆ ಒರಗಿ ನಿಂತಳು.

ಮುಖ್ಯಾಧಿಕಾರಿ ಸತೀಶ್ ಕುಮಾರ್ ಹೊಸ ಬೈಲಾ ಓದಿದರು. ಊರಿಗೆ ಉಪದ್ರವವಾಗುವ ಜಾಗಗಳು, ಕೊಳಕು, ದುರ್ವಾಸನೆ. ತಮ್ಮ ಮನೆ ಕಟ್ಟಡಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳದವರ ಮೇಲೆ ಕ್ರಮ.

ಶೈಲಾ ಎಂಬ ಮೆಂಬರು ಎದ್ದು ನಿಂತರು. “ಹಂಗಾದ್ರೆ ರಸ್ತೆ ಬದಿಗೆ ಸುರಿಯೋ ಅಡಿಕೆ ಸಿಪ್ಪೆಗೆ ಏನು ಮಾಡ್ತೀರಿ? ಕೊಳೆತು ನಾರ್ತೈತೆ, ಬೆಂಕಿ ಹಚ್ಚಿದ್ರೆ ಮೂರು ದಿನ ಹೊಗೆ.”

“ಅದು ಕಸ ಅಲ್ಲ ತಾಯಿ, ವ್ಯಾಪಾರ,” ಎಂದ ಮರುಳಪ್ಪ. “ಊರು ಉಣ್ತಿರೋದೇ ಅದ್ರಿಂದ.”

ಎಲ್ಲರೂ ನಕ್ಕರು. ಸಿಪ್ಪೆಯನ್ನು ಕೈಬಿಟ್ಟರು.

“ಕಲ್ಯಾಣಮಂಟಪದ ಎಂಜಲೆಲೆ ಚರಂಡಿಗೆ ಕಟ್ಕೊಂಡೈತೆ,” ಎಂದರು ಇನ್ನೊಬ್ಬರು.

“ಶುಭಕಾರ್ಯಕ್ಕೆ ದಂಡ ಹಾಕಿದ್ರೆ ದೇವ್ರು ಮೆಚ್ತಾನೇನ್ರಿ?”

ಎಂಜಲೆಲೆಯನ್ನೂ ಕೈಬಿಟ್ಟರು.

“ಮತ್ತೆ ಉಪದ್ರವ ಅಂತ ಉಳಿದಿದ್ದು ಯಾವುದ್ರೀ?” ಎಂದು ಶೈಲಾ ಕೇಳಿದರು.

ಗೋಡೆಯ ಟಿವಿ ಹೊತ್ತಿಕೊಂಡಿತು. ಅದರ ತುಂಬ ದುರುಗಕ್ಕನ ಬಾಗಿಲು. ಕೋಳಿಪುಕ್ಕ, ಕೊಳೆತ ಹಣ್ಣು, ಮೇಲೆ ನೊಣ. ಆಮೇಲೆ ದ್ಯಾಮಮ್ಮನ ತೂತು ಬಿದ್ದ ಮಾಡು. ಚಿತ್ರಕ್ಕೆ ವಾಸನೆಯಿರದು; ಆದರೂ ಅಧ್ಯಕ್ಷೆ ಹೇಮಾವತಿ ಸೆರಗನ್ನು ಮೂಗಿಗೆ ಒತ್ತಿಕೊಂಡರು.

ಸತೀಶ್ ಕುಮಾರ್ ಮನವಿ ಎತ್ತಿ ಓದಿದರು. “‘ನಮ್ಮ ಮನೆಗಳು ವಾಸಕ್ಕೆ ಯೋಗ್ಯವಾಗಿರುವುದಿಲ್ಲ. ಗೋಡೆಗಳು ಯಾವಾಗ ಬೇಕಾದರೂ ಕುಸಿಯಬಹುದು. ಹಾವು ಚೇಳುಗಳ ಕಾಟವಿದೆ. ನಾವೂ ನಮ್ಮ ಮಕ್ಕಳೂ ರೋಗಪೀಡಿತರಾಗಿರುತ್ತೇವೆ.’ ಇದು ನಾವು ಹೇಳ್ತಿರೋದಲ್ಲ. ಅಲ್ಲಿ ವಾಸ ಇರೋ ಮೂವತ್ತನಾಲ್ಕು ಕುಟುಂಬಗಳೇ ಹೆಬ್ಬೆಟ್ಟು ಒತ್ತಿ ಹೇಳ್ತಿರೋದು.”

ದುರುಗಕ್ಕ ಬಾಗಿಲಾಚೆ ಕೈ ಜೋಡಿಸಿಕೊಂಡಳು. ಈಗ ರಿಪೇರಿ ದುಡ್ಡಿನ ಮಾತು ಬರುತ್ತದೆ ಎಂದುಕೊಂಡಳು.

“ಹಾಗಾಗಿ, ದುರಸ್ತಿಗೂ ಲಾಯಕ್ಕಿಲ್ಲದ ಈ ಕಟ್ಟಡಗಳನ್ನು ಹದಿನೈದು ದಿನದೊಳಗೆ ತೆರವು ಮಾಡುವುದು. ನಿವಾಸಿಗಳಿಗೆ ಕಲ್ಲುಕ್ವಾರಿ ಪಕ್ಕ ಜಾಗ ಕೊಡುವುದು. ತೆರವಾದ ಜಾಗದಲ್ಲಿ ಲೇಔಟಿಗೆ ರಸ್ತೆ ಮತ್ತು ವಾಣಿಜ್ಯ ಮಳಿಗೆ. ಸೂಚಕರು ಯಾರು?”

ಒಂದು ಕುರ್ಚಿ ಸರಿಯಿತು. ಕೆಂಚೇಶ್ ಎದ್ದು ನಿಂತಿದ್ದ.

“ನಾನು ಸಾರ್. ನಮ್ಮ ಜನದ ಕಷ್ಟ ನಂಗೇ ಗೊತ್ತಿರೋದು.”

“ಅನುಮೋದಕರು ನಾನೇ ಇರ್ಲಿ ಬಿಡ್ರಿ,” ಎಂದ ಮರುಳಪ್ಪ.

ಕೈಯಲ್ಲಿ ಪರಕೆಯಿದ್ದುದನ್ನೂ ಮರೆತು ದುರುಗಕ್ಕ ಒಳಗೆ ಬಂದುಬಿಟ್ಟಿದ್ದಳು.

“ಅದು ಸುಳ್ಳು ಸ್ವಾಮಿ. ಆ ಕಸ ನಮ್ದಲ್ಲ. ನಾವೇ ತಂದು ಹಾಕಿದ್ದು.”

“ಏನಮ್ಮಾ? ನಿಮ್ಮ ಮನೆ ಮುಂದೆ ನೀವೇ ಕಸ ಹಾಕ್ಕೊಂಡ್ರಾ?” ಎಂದರು ಸತೀಶ್ ಕುಮಾರ್.

“ಹೂಂ ಸ್ವಾಮಿ. ಫೋಟೋಕ್ಕೆ. ತಗಡೂ ನಾವೇ ಕಿತ್ತಿದ್ದು. ಹಾವಿಲ್ಲ, ಚೇಳಿಲ್ಲ. ಇವ್ನೇ ಹೇಳಿಕೊಟ್ಟ. ಕೇಳ್ರಿ ಇವನ್ನ.”

ಕೆಂಚೇಶ್ ಮೇಜಿನ ಮೇಲಿನ ಫೋನು ತಿರುಗಿಸುತ್ತ, “ಚಿಗವ್ವ, ಬುದ್ಧಿ ಐತಾ ನಿಂಗೆ? ಯಾರಾದ್ರೂ ತಮ್ಮ ಮನೆ ಮುಂದೆ ತಾವೇ ಹೇಲು ಸುರ್ಕಂತಾರಾ?” ಎಂದ.

“ನೋಡ್ರಿ ಮತ್ತೆ!” ಮರುಳಪ್ಪ ತೊಡೆ ತಟ್ಟಿದ. “ಪಂಚಾಯ್ತಿ ಕಸ ಕದ್ದು ಮನೆಗೆ ಹೊತ್ತಿದಾರೆ. ಅದಕ್ಕೂ ಒಂದು ಕೇಸು ಜಡೀಬೋದು, ಸಾಹೇಬ್ರೇ.”

ನಗೆ ಎದ್ದಿತು. ಶೈಲಾ ಒಬ್ಬರೇ ನಗಲಿಲ್ಲ. ಕೈಯನ್ನೂ ಎತ್ತಲಿಲ್ಲ. ಉಳಿದ ಕೈಗಳೇ ಸಾಕಾದವು.

*

ಪಂಚಾಯಿತಿ ಮೆಟ್ಟಿಲ ಕೆಳಗೆ ಬೈಕಿನ ಹತ್ತಿರ ದುರುಗಕ್ಕ ಕೆಂಚೇಶನನ್ನು ಹಿಡಿದು ನಿಲ್ಲಿಸಿದಳು.

“ಭಂಡಾರ ಮುಟ್ಟಿದ್ಯಲ್ಲೋ.”

“ಮುಟ್ಟಿದ್ದು ಹಕ್ಕುಪತ್ರ ಕೊಡುಸ್ತೀನಿ ಅಂತ. ಕ್ವಾರಿ ಜಾಗಕ್ಕೂ ಹಕ್ಕುಪತ್ರನೇ ಕೊಡ್ತಾರೆ. ದುರುಗಮ್ಮ ನಂಗೇನೂ ಅನ್ನಂಗಿಲ್ಲ.”

“ದ್ಯಾವ್ರಿಗೇ ಲಾಯರಿಕೆ ಮಾಡ್ತೀಯೇನೋ ಮುಂಡೇದೇ?”

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ನಿನ್ನ ಬಿಟ್ಟಿಲ್ಲ ಕಣವ್ವ. ಲೇಔಟ್‌ನಾಗೆ ಒಂದು ಮೂಲೆ ಸೈಟು ಹೇಳಿದೀನಿ, ನಿನ್ನ ಹೆಸ್ರಿಗೆ. ಸುಮ್ನೆ ಇರು. ಈ ಹಾಟ್ಗಳ್ಳರ ಮುಂದೆ ನಾನೊಬ್ಬ ಏನು ಕಿಸಿಯಾಕಾಗ್ತೈತೆ? ಹೆಂಗೂ ಕೆಡವ್ತಿದ್ರು. ನಾನು ಕೈ ಎತ್ತಿದ್ದಕ್ಕೆ ಕ್ವಾರಿನಾದ್ರೂ ಸಿಕ್ತು.”

ದುರುಗಕ್ಕ ಅವನ ಮುಖವನ್ನೇ ನೋಡಿದಳು. ಒಂಬತ್ತು ವರ್ಷದವನಿದ್ದಾಗಿನ ಗಲ್ಲದ ಮಚ್ಚೆ ಹಾಗೇ ಇತ್ತು. ಹೊಡೆಯಲು ಕೈ ಎದ್ದಿತು, ಹೊಡೆಯದೆ ಇಳಿಯಿತು. ಬೈಕು ಹೊರಟುಹೋಯಿತು.

ಪಂಚಾಯಿತಿ ಜವಾನನ ಬಾಯಿಂದ ಸುದ್ದಿ, ಮೂಲೆ ಸೈಟಿನದೂ ಸೇರಿ, ಅವಳಿಗಿಂತ ಮುಂಚೆ ಕೇರಿ ತಲುಪಿತ್ತು. ಕಟ್ಟೆಯ ಮೇಲೆ ಕೂತಿದ್ದವರು ಅವಳನ್ನು ಕಂಡು ಒಬ್ಬೊಬ್ಬರಾಗಿ ಎದ್ದುಹೋದರು. ದ್ಯಾಮಮ್ಮ ಮಾತ್ರ ಎದ್ದು ಎದುರು ಬಂದಳು.

“ನಿಂಗೆ ಮೂಲೆ ಸೈಟಂತಲ್ಲೇ? ನಿನ್ನ ಮಖ ನೋಡಿ ಒತ್ತಿದ್ದೆ ಕಣೆ ನಾನು. ನಿನ್ನ ಮಖ ನೋಡಿ!”

“ನಂಗೆ ಗೊತ್ತಿರ್ಲಿಲ್ಲ ದ್ಯಾಮಿ...”

“ನಿಂಗೆ ಗೊತ್ತಿದ್ರೇನು, ಗೊತ್ತಿಲ್ದಿದ್ರೇನು? ನನ್ನ ಮನೆ ಹೋತು.” ಅವಳು ತನ್ನ ಹೆಬ್ಬೆರಳನ್ನು ಗೋಡೆಗೆ ಗಸಗಸ ತಿಕ್ಕಿದಳು. ತೊಗಲು ಕಿತ್ತು ರಕ್ತ ಬಂದಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದುರುಗಕ್ಕ ಗುಡಿಯ ಮುಂದೆ ಬಹಳ ಹೊತ್ತು ಕೂತಿದ್ದಳು. ಕೇಳುವುದು ಏನೆಂದು ತಿಳಿಯಲಿಲ್ಲ. ಕೇಳಿದ್ದನ್ನೆಲ್ಲ ಕಾಗದದಲ್ಲಿ ಕೇಳಿ ಆಗಿತ್ತು. ತಾಯಿ ಬೆಳ್ಳಿಗಣ್ಣು ಬಿಟ್ಟುಕೊಂಡು ಎಂದಿನಂತೆ ನೋಡುತ್ತಿದ್ದಳು.

ನೋಟಿಸು ಗೋಡೆಗೋಡೆಗೆ ಅಂಟಿತು. ಹದಿಮೂರು ದಿನ ಕಳೆದವು. ಕೆಲವರು ಪಾತ್ರೆ ಪಗಡ ಗಂಟು ಕಟ್ಟಿದರು. ಯಾರೂ ದುರುಗಕ್ಕನೊಡನೆ ಮಾತಾಡಲಿಲ್ಲ. ಕೆಲಸಕ್ಕೆ ಹೋಗುವಾಗಲೂ ಅವಳ ಗಾಡಿಗೆ ನಾಲ್ಕು ಮಾರು ಹಿಂದೆ ನಡೆದರು.

ಹದಿನಾಲ್ಕನೆಯ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಸುಣ್ಣದ ಹರಳು ತಂದು ಒಡಕು ಗುಡಾಣದಲ್ಲಿ ಹಾಕಿ ನೀರು ಹೊಯ್ದಳು. ಅದು ಕೊತಕೊತ ಕುದಿಯಿತು. ಆರಿದ ಮೇಲೆ ಕತ್ತಾಳೆ ಕುಂಚ ಅದ್ದಿಕೊಂಡು ದ್ಯಾಮಮ್ಮನ ಗೋಡೆಯ ಮುಂದೆ ನಿಂತಳು. ಮೊದಲು ನೋಟಿಸಿನ ಮೇಲೆ ಬಳಿದಳು. ಆಮೇಲೆ ಗೋಡೆಗೆ.

ಸದ್ದಿಗೆ ದ್ಯಾಮಮ್ಮ ಹೊರಗೆ ಬಂದಳು. ಸುಣ್ಣ ಬಳಿಯುವುದು ವರ್ಷಕ್ಕೊಮ್ಮೆ ಹಬ್ಬಕ್ಕೆ. ಇಲ್ಲವೇ ಸಾವಿನ ಮನೆಯಲ್ಲಿ ಸೂತಕ ಕಳೆದ ಮೇಲೆ.

“ಯಾವ ಹಬ್ಬ? ಯಾರು ಸತ್ರು?”

“ಹಬ್ಬಿಲ್ಲ, ಸಾವಿಲ್ಲ. ಮನೆ ಐತಲ್ಲ, ಅದಕ್ಕೆ.”

“ನಾಡಿದ್ದು ಕೆಡವ್ತಾರಲ್ಲೇ ಹುಚ್ಚಿ.”

“ಹೊಲಸು ಮನೆ ಕೆಡವಿದ್ವಿ ಅಂತ ಬರ್ಕಂಬಾರ್ದು ಅವ್ರು.”

ದ್ಯಾಮಮ್ಮ ಸುಣ್ಣದಡಿ ಮುಚ್ಚಿಹೋದ ನೋಟಿಸನ್ನು ಮುಟ್ಟಿ ನೋಡಿದಳು. ಆಮೇಲೆ ಜಗಲಿಯ ಮೇಲಿದ್ದ ಕೊಡ ಪಕ್ಕಕ್ಕಿಟ್ಟು, ಸೀರೆ ಎತ್ತಿ ಕಟ್ಟಿ, “ಮ್ಯಾಲಿಂದ ಬಳೀಬೇಕು ಕಣೆ, ಕೆಳಗಿಂದ ಬಳಿದ್ರೆ ಸೋರ್ತೈತೆ. ಇಷ್ಟು ವರ್ಷ ಬದುಕಿ ಅದೂ ಬರಾಕಿಲ್ಲ ನಿಂಗೆ,” ಎಂದು ಕುಂಚ ಕಿತ್ತುಕೊಂಡಳು. ರಂಗಣ್ಣ ತಗಡು ಹೊತ್ತು ಮಾಡು ಹತ್ತಿದ. ಸುತ್ತಿಗೆಯ ಸದ್ದಿಗೆ ಒಂದೊಂದೇ ಬಾಗಿಲು ತೆರೆಯಿತು.

ಎರಡು ದಿನ ಊರಿನ ಕಸ ಊರಲ್ಲೇ ಬಿದ್ದಿತ್ತು.

*

ಹದಿನಾರನೆಯ ದಿನ ಬೆಳಿಗ್ಗೆ ಜೆಸಿಬಿ ಬಂದಿತು. ಹಿಂದೆ ಪೊಲೀಸ್ ಜೀಪು, ಅದರ ಹಿಂದೆ ಮುಖ್ಯಾಧಿಕಾರಿಯ ಕಾರು. ಕೆಂಚೇಶ್ ಬೈಕನ್ನು ದೂರದಲ್ಲೇ ನಿಲ್ಲಿಸಿದ.

ಸತೀಶ್ ಕುಮಾರ್ ಇಳಿದವರು ಹಾಗೇ ನಿಂತರು. ಮೂವತ್ತನಾಲ್ಕು ಮನೆಗಳು ಬೆಳ್ಳಗೆ ಸಾಲಾಗಿ ನಿಂತಿದ್ದವು. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಬಾಗಿಲಿಗೆ ಮಾವಿನೆಲೆ, ಸಾರಿಸಿದ ಅಂಗಳದಲ್ಲಿ ರಂಗೋಲಿ. ಕೈಯಲ್ಲಿದ್ದ ಫೋಟೋಗಳನ್ನು ಒಮ್ಮೆ, ಮನೆಗಳನ್ನು ಒಮ್ಮೆ ನೋಡಿದರು.

“ಇದೇನಮ್ಮಾ ಇದು? ಕೆಡವೋ ಮನೆಗೆ ಯಾರಾದ್ರೂ ಸುಣ್ಣ ಬಳೀತಾರಾ?”

ದುರುಗಕ್ಕ ತನ್ನ ಮನೆಯ ಕೊನೆಯ ಗೋಡೆ ಬಳಿಯುತ್ತಿದ್ದಳು. ತಿರುಗಲಿಲ್ಲ.

“ಆ ಫೋಟೋದಾಗೆ ಇರೋ ಮನೆ ಕೆಡವಾಕೆ ತಾನೆ ಸ್ವಾಮಿ ಠರಾವಾಗಿರೋದು? ಆ ಮನೆ ಇಲ್ಲಿಲ್ಲ. ಎಲ್ಲೈತೋ ಹುಡುಕ್ಕಂಡು ಹೋಗಿ ಕೆಡವ್ರಿ.”

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಖ್ಯಾಧಿಕಾರಿ ಫೋನು ಕಿವಿಗಿಟ್ಟುಕೊಂಡು ಅತ್ತ ಸರಿದರು. “ಹೌದು ಮರುಳಪ್ಪನೋರೇ... ಇಲ್ಲ ಇಲ್ಲ... ಆಯ್ತು, ಆಯ್ತು,” ಎನ್ನುತ್ತಿದ್ದುದು ಕೇಳಿಸುತ್ತಿತ್ತು. ಮರಳಿ ಬಂದು ಯಾರ ಮುಖವನ್ನೂ ನೋಡದೆ ಡ್ರೈವರಿಗೆ ಕೈ ಬೀಸಿದರು.

ಜೆಸಿಬಿ ಹೊಗೆ ಬಿಟ್ಟು, ರಂಗೋಲಿ ದಾಟಿ, ದುರುಗಕ್ಕನ ಗೋಡೆಗೆ ಮಾರುದೂರ ಬಂದು ನಿಂತಿತು. ಅದರ ತೋಳು ಮೇಲೆದ್ದು ಅವಳ ತಲೆಯ ಮಟ್ಟಕ್ಕೆ ಇಳಿಯಿತು.

“ಸರಿಯಮ್ಮಾ!” ಎಂದು ಡ್ರೈವರ್ ಕೂಗಿದ.

“ಇನ್ನೊಂದು ಮೊಳ ಐತೆ. ನಿಂದ್ರು.”

ಅವನು ಮುಖ್ಯಾಧಿಕಾರಿಯ ಕಡೆ ನೋಡಿದ. ಮುಖ್ಯಾಧಿಕಾರಿ ಪೊಲೀಸರ ಕಡೆ ನೋಡಿದರು. ದ್ಯಾಮಮ್ಮ ಕುಂಚ ಹಿಡಿದು ದುರುಗಕ್ಕನ ಮಗ್ಗುಲಿಗೆ ಬಂದು ನಿಂತಳು. ಅವಳ ಹಿಂದೆ ರಂಗಣ್ಣ. ಅವನ ಹಿಂದೆ ಉಳಿದವರು.

ದುರುಗಕ್ಕ ಉಳಿದ ಮೊಳವನ್ನೂ ಬಳಿದು ಮುಗಿಸಿದಳು. ಗುಡಾಣದ ತಳದಲ್ಲಿ ಇನ್ನೊಂದಿಷ್ಟು ಸುಣ್ಣವಿತ್ತು. ಕುಂಚ ಅದ್ದಿಕೊಂಡು ತಿರುಗಿದಳು. ತಲೆಯ ಮಟ್ಟಕ್ಕೆ ತೂಗುತ್ತಿದ್ದ ಕಬ್ಬಿಣದ ಹಲ್ಲುಗಳನ್ನು ಒಂದು ಗಳಿಗೆ ನೋಡಿದಳು. ಅವುಗಳ ಸಂದಿಯಲ್ಲಿ ಹಿಂದೆ ಯಾವುದೋ ಮನೆ ಕೆಡವಿದಾಗ ಮೆತ್ತಿದ ಮಣ್ಣು ಇನ್ನೂ ಇತ್ತು. ಇಂಜಿನ್ನು ಗುರುಗುಡುತ್ತಲೇ ಇತ್ತು. ಅವಳು ಮೊದಲನೆಯ ಹಲ್ಲಿಗೆ, ಮೇಲಿನಿಂದ ಕೆಳಕ್ಕೆ, ಸೋರದಂತೆ ಸುಣ್ಣ ಬಳಿಯತೊಡಗಿದಳು.