ಒಗ್ಗರಣೆ ಸೌಟು

ನನ್ನ ಗಂಡ ಮುನಿಯಲ್ಲಪ್ಪನವರಿಗೆ ಅಂಗಡಿಯಿಂದ ಕೋವಿಯ ಗುಂಡು ಕೊಳ್ಳುವುದೆಂದರೆ ಮೈ ಉರಿಯುತ್ತದೆ. ಗೌನಿಪಲ್ಲಿಯ ನಮ್ಮ ಮಾವಿನ ತೋಟಕ್ಕೆ ಕಾಡುಹಂದಿ ನುಗ್ಗುತ್ತವೆಂದು ಅವರಪ್ಪನ ಕಾಲದಿಂದಲೂ ಲೈಸೆನ್ಸಿನ ಕೋವಿಯಿದೆ. ಹಂದಿ ಓಡಿಸಲು ಬರೀ ಮದ್ದಿನ ಸದ್ದು ಸಾಕು. ಆದರೆ ಗುಂಡಿಲ್ಲದ ಕೋವಿ ಹೆಗಲಿಗೇರಿಸಿದರೆ ಇವರ ಮರ್ಯಾದೆ ಮಣ್ಣುಪಾಲಾಗುತ್ತದಂತೆ.

"ಟೈರ್ ಅಂಗಡೀಲಿ ಚಕ್ರದ ತೂಕಕ್ಕೆ ಹಾಕೋ ಹಳೇ ಸೀಸ ಪುಗಸಟ್ಟೆ ಕೊಡ್ತಾರೆ. ಮನೇಲೇ ಎರಕ ಹೊಯ್ದ್ರೆ ಎಷ್ಟು ಉಳಿಯುತ್ತೆ ಗೊತ್ತೇನೇ ಅಂಜಮ್ಮ?" ಎಂದರು.

ಆ ಉಳಿತಾಯದ ಕಥೆ ಕೇಳಿ. ಸೀಸಕ್ಕೆಂದು ಶ್ರೀನಿವಾಸಪುರಕ್ಕೆ ಬೈಕಿನಲ್ಲಿ ಓಡಿದ್ದೇ ಓಡಿದ್ದು. ಅಚ್ಚು ಮಾಡಿಸಲು ಮುಳಬಾಗಿಲಿನಲ್ಲಿ ಇಡೀ ದಿನ ಹೋಯಿತು. ಸ್ನಾನದ ನೀರಿಗೆಂದು ನಾನು ಕೂಡಿಟ್ಟ ಸೌದೆಯೆಲ್ಲ ಹಿತ್ತಲಿನ ಒಲೆಗೆ ಬಿತ್ತು. ಮೊದಲು ಎರೆದವು ಸುಕ್ಕುಗಟ್ಟಿದವೆಂದು ಮತ್ತೆ ಕರಗಿಸಿದರು. ಅತ್ತ ಮಾವಿನ ಹೂವಿಗೆ ಔಷಧಿ ಹೊಡೆಯುವ ಕೆಲಸ ಹಾಗೇ ಉಳಿಯಿತು. ಕೊನೆಗೆ ಡಬ್ಬಿ ಅಲ್ಲಾಡಿಸಿ ತೋರಿಸಿದ್ದು ಒಂದು ಹಿಡಿ ಗುಂಡು. ಸಂಕ್ರಾಂತಿ ಕಳೆದ ಮೇಲೆ ಹಿಡಿದ ಈ ಹುಚ್ಚು ಯುಗಾದಿಯಾದರೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಒಗ್ಗರಣೆ ಸೌಟು ಉಜ್ಜುವಾಗ ಅದರ ಅಂಚಿನಲ್ಲಿ ಬೆಳ್ಳನೆಯ ಹನಿಯೊಂದು ಗಟ್ಟಿಯಾಗಿ ಅಂಟಿದ್ದು ಕಂಡಿತು. ಉಗುರಿನಿಂದ ಕೆರೆದರೆ ಗೀರು ಬಿತ್ತು.

"ಏನ್ರೀ, ಸೀಸ ಕಾಯಿಸಿದ್ದು ಇದರಲ್ಲೇನಾ?"

"ಕಬ್ಬಿಣದ್ದು ಅದೊಂದೇ ಇತ್ತು ಕಣೇ. ಪ್ರತಿ ಸಲ ಹುಣಸೆಹಣ್ಣು ಹಾಕಿ ತೊಳೆದೇ ಮೊಳೆಗೆ ನೇತಾಕಿದ್ದೀನಿ."

ಸೊಸೆ ರಜನಿ ಆರು ತಿಂಗಳ ಬಸುರಿ. ದಿನವೂ ಅವಳು ಉಣ್ಣುವ ಸಾರಿಗೆ ಒಗ್ಗರಣೆ ಆ ಸೌಟಿನಲ್ಲೇ. ಬಾಯಿಗೆ ಬಂದಂತೆ ಬೈದೆ, ಬೈದದ್ದು ಸಾಲಲಿಲ್ಲ.

ಕೋಲಾರದಲ್ಲಿ ಅವಳ ರಕ್ತ ಪರೀಕ್ಷೆ ಮಾಡಿಸಿದೆವು. ಫಲಿತಾಂಶ ಬಂದ ದಿನ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಸೀಸ ಜಾಸ್ತೀನೇ ಇದೆ. ಮಗುಗೂ ಹೋಗಿರುತ್ತೆ. ಎಷ್ಟು ತೊಂದರೆ ಆಗಿದೆ ಅಂತ ಈಗ್ಲೇ ಹೇಳೋಕಾಗಲ್ಲ. ಮುಂದಿನ ತಿಂಗಳು ಮತ್ತೆ ನೋಡೋಣ."

ವಾಪಸು ಬರುವಾಗ ಬಸ್ಸಿನಲ್ಲಿ ರಜನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅವಳು ಅಳಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಇವರ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಮಾವ, ಒಟ್ಟು ಎಷ್ಟು ಉಳೀತು?"

ಬೆರಳ ತುದಿಯಲ್ಲೇ ಲೆಕ್ಕ ಹೇಳುವ ಮನುಷ್ಯ, ಎರಡೂ ಕೈ ಕಂಕುಳಲ್ಲಿ ಅವಿತಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು.