ಮಾರ್ಲಿಸ್ ಆರಿಸಿದ ಅಲಗು

ಕುದುರೆಯಿಂದ ಬಿದ್ದು ಭುಜ ಮುರಿದುಕೊಂಡ ಮೇಲೆ ಮಾರ್ಲಿಸ್‌ಗೆ ಹಳೆಯ ಬಿಲ್ಲನ್ನು ಎಳೆಯಲಾಗಲಿಲ್ಲ. ಹಗುರವಾದ ಬಿಲ್ಲೊಂದನ್ನು ಕೊಂಡು, ಬೇಸಿಗೆಯಿಡೀ ಕೊಟ್ಟಿಗೆಯ ಹಿಂದೆ ಹುಲ್ಲಿನ ಪಿಂಡಿಗೆ ಬಾಣ ಬಿಟ್ಟು ಕೈ ಪಳಗಿಸಿಕೊಂಡಳು. ಸೆಪ್ಟೆಂಬರಿನಲ್ಲಿ ಕಡವೆಯಂಥ ದೊಡ್ಡ ಜಿಂಕೆಗಳಾದ ಗಂಡು ಎಲ್ಕ್‌ಗಳು ಬೆದೆಗೆ ಬಂದು ಕೂಗತೊಡಗಿದರೆ, ಅಮೆರಿಕದ ಐಡಾಹೊದ ನಮ್ಮ ಕಣಿವೆಯಲ್ಲಿ ಮನೆಯೊಳಗೆ ಕೂರುವವರು ಕಡಿಮೆ.

ಬೇಟೆಗೆ ಹೊರಡುವ ಮುನ್ನ ಅವಳ ಅಣ್ಣ ರಾಯ್ಸ್ ತನ್ನ ಬಾಣದ ಅಲಗುಗಳನ್ನು ತಂದು ಮೇಜಿನ ಮೇಲೆ ಹರಡಿದ. ಅವು ಹಾರುವಾಗ ಮಡಚಿಕೊಂಡಿದ್ದು, ಬಡಿದೊಡನೆ ರೆಕ್ಕೆಯಂತೆ ಬಿಚ್ಚಿಕೊಳ್ಳುವಂಥವು. ಗಾಯ ಅಂಗೈಯಗಲ ಆಗುತ್ತದೆ, ಕಣ್ಣುಮುಚ್ಚಿ ತಗೋ ಎಂದ. ಮಾರ್ಲಿಸ್ ಎರಡೇ ಅಂಚಿನ, ಕಿರಿದಾದ, ಮಡಚದ ಅಲಗನ್ನು ಸಾಣೆಕಲ್ಲಿನ ಮೇಲೆ ಉಜ್ಜುತ್ತಿದ್ದಳು.

"ಅದರಲ್ಲಿ ಸೇಬು ಹೆಚ್ಚಬಹುದು, ಅಷ್ಟೇ," ಎಂದು ಅವನು ನಕ್ಕ.

"ನಿನ್ನದು ಬಿಚ್ಕೊಳ್ಳೋದ್ರಲ್ಲೇ ಬಾಣದ ಬಲ ಮುಗಿದುಹೋಗುತ್ತೆ ಕಣೋ. ನನ್ನ ಬಿಲ್ಲಿಗೆ ಅಷ್ಟು ತಾಕತ್ತೆಲ್ಲಿದೆ? ನಂಗೆ ಆಚೆ ಕಡೆ ತೂರಿಕೊಂಡು ಹೋಗೋದು ಬೇಕು."

ಮರುದಿನ ಬೆಳಗ್ಗೆ ದೇವದಾರು ಮರಗಳ ನಡುವೆ ಅವಳು ಮಂಡಿಯೂರಿ ಕುಳಿತಳು. ಹಿಂದೆ ದೂರದಲ್ಲಿ ರಾಯ್ಸ್ ಕೊಳವೆಯೂದಿ ಎಲ್ಕ್‌ನಂತೆ ಕೂಗಿದ. ಬೆಟ್ಟದ ಮೇಲಿಂದ ಉತ್ತರ ಬಂತು. ಮೊದಲು ಕೊಳಲಿನಂತೆ ಏರಿ, ಆಮೇಲೆ ಎದೆ ನಡುಗಿಸುವ ಗುಟುರಾಗಿ ಇಳಿಯಿತು. ಕೊಂಬೆಗಳು ಮುರಿದವು. ಕುದುರೆಯಷ್ಟು ಎತ್ತರದ ಗಂಡು ಎಲ್ಕ್ ಮೈಯಿಂದ ಹಬೆಯೇಳಿಸುತ್ತಾ, ಕೊಂಬುಗಳಿಗೆ ಹುಲ್ಲು ಸಿಕ್ಕಿಸಿಕೊಂಡು ಬಯಲಿಗೆ ಬಂತು. ಅದರ ಘಾಟು ಅವಳ ಮೂಗಿಗೆ ಬಡಿಯಿತು. ಅವಳು ಬಿಲ್ಲನ್ನು ಮೆಲ್ಲಗೆ ಎಳೆದು ಹಿಡಿದಳು. ಅದು ಮಗ್ಗುಲಾಗಿ ನಿಂತಾಗ ಬಾಣ ಬಿಟ್ಟಳು.

ಎಲ್ಕ್ ನೊಣ ಕಚ್ಚಿದಂತೆ ಮೈ ಕೊಡವಿತು, ಅಷ್ಟೇ. ಬಾಣ ಪಕ್ಕೆಲುಬುಗಳನ್ನು ತೂರಿಹೋಗಿ ಆಚೆಯ ಮಣ್ಣಿನಲ್ಲಿ ನಾಟಿಕೊಂಡಿತ್ತು. ಅದು ಸುತ್ತ ನೋಡಿತು, ಮತ್ತೊಮ್ಮೆ ಕೂಗಿತು, ನಾಲ್ಕು ಹೆಜ್ಜೆ ನಡೆಯಿತು. ಆಮೇಲೆ ದಣಿದ ದನ ಮಲಗುವಂತೆ ಮುಂಗಾಲು ಮಡಚಿ ಕುಳಿತು, ನಿಧಾನಕ್ಕೆ ತಲೆಯನ್ನು ನೆಲಕ್ಕಿಟ್ಟಿತು.

ರಾಯ್ಸ್ ಬಂದು ಟೋಪಿ ತೆಗೆದು ನಿಂತ.

"ಅದಕ್ಕೆ ಗೊತ್ತೇ ಆಗ್ಲಿಲ್ಲ ಕಣೇ," ಎಂದ.

ಮಾರ್ಲಿಸ್ ಅದರ ಬಿಸಿ ಕುತ್ತಿಗೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕುಳಿತಳು. ಗೆದ್ದೆನೆಂಬ ಹಿಗ್ಗು ಬರಲಿಲ್ಲ. ಇಷ್ಟು ದೊಡ್ಡ ಜೀವ ಇಷ್ಟು ಸದ್ದಿಲ್ಲದೆ ಹೋಗಬಲ್ಲದೇ ಎಂದು ಬೆರಗಾಯಿತು. ಕಣ್ಣು ತುಂಬಿ ಬಂತು.

ಮಧ್ಯಾಹ್ನ ತೊಡೆಯ ಮಾಂಸ ಹೊತ್ತು ಇಬ್ಬರೂ ಇಳಿಯುತ್ತಿದ್ದಾಗ ಎದುರಿನ ಬೆಟ್ಟದಲ್ಲಿ ಇನ್ನೊಂದು ಗಂಡು ಕೂಗಿತು. ಬೆನ್ನ ಹೊರೆ ಇಳಿಸದೆಯೇ ಇಬ್ಬರೂ ನಿಂತು, ಆ ಕೂಗು ಪೂರ್ತಿ ಮುಗಿಯುವವರೆಗೂ ಕೇಳಿಸಿಕೊಂಡರು.